ಅಜ್ಜಿ ಹಿಡಿದ ಮಕ್ಕಳು

ವಾಷಿಂಗ್ಟನ್ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಡಿಸ್ನಿ ವರ್ಲ್ಡಿಗೆ ಹೊರಟ ನಮ್ಮವರೆಲ್ಲ ಸೌತ್ ಕ್ಯಾರೊಲಿನಾದಲ್ಲಿ ಐ-95ರ ಉದ್ದನೆಯ ಸೇತುವೆಯೊಂದನ್ನು ದಾಟಿಯೇ ಇರುತ್ತೀರಿ. ಕೆಳಗೆ ಕಾಣುವುದು ಲೇಕ್ ಮೇರಿಯನ್. ಸ್ಯಾಂಟೀ ನದಿಗೆ ಅಣೆ ಕಟ್ಟಿ, ವಿದ್ಯುತ್ತಿಗಾಗಿ 1940ರ ದಶಕದ ಆರಂಭದಲ್ಲಿ ಮಾಡಿದ ಸರೋವರ ಅದು. ಅದರ ಕೆಳಮಗ್ಗುಲಲ್ಲಿ, ಬರ್ಕ್ಲಿ ಕೌಂಟಿಯಲ್ಲಿ, ಪೈನ್‌ವಿಲ್ ಎಂಬ ಪುಟ್ಟ ಊರಿದೆ. ಹೆದ್ದಾರಿಯಿಂದ ಅದು ಕಾಣುವುದಿಲ್ಲ, ಕಾಣಬೇಕೆಂದು ಯಾರೂ ಅತ್ತ ತಿರುಗುವುದೂ ಇಲ್ಲ.

ತುಮಕೂರು ಜಿಲ್ಲೆಯ ಪಾವಗಡವೂ ಹಾಗೆಯೇ. ನಕಾಶೆ ತೆಗೆದು ನೋಡಿ. ತಾಲ್ಲೂಕಿನ ಸುತ್ತ ಹೆಚ್ಚುಕಡಿಮೆ ಎಲ್ಲ ಕಡೆಯೂ ಆಂಧ್ರ. ಮಳೆ ಅಪರೂಪ, ಬೆಳೆ ಕಡಲೆಕಾಯಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು, ಬೀದಿಯಲ್ಲಿ ಕನ್ನಡದಷ್ಟೇ ತೆಲುಗು. ಈಗ ಅಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಅಲ್ಲಿನ ಬಿಸಿಲು ನಾಡಿಗೆ ಕರೆಂಟಾಗಿ ಹೋಗುತ್ತದೆ. ಪೈನ್‌ವಿಲ್ ಪಕ್ಕದ ನೀರಿನಿಂದಲೂ ಅದೇ ಕೆಲಸ. ಆದರೆ ಈ ಎರಡೂ ಸೀಮೆಗಳಲ್ಲಿ ಬಹುಕಾಲ ಮಕ್ಕಳು ಹುಟ್ಟಿದ್ದು ಸೀಮೆಎಣ್ಣೆ ದೀಪದ ಬೆಳಕಿನಲ್ಲಿ.

ಆ ದೀಪ ಹಿಡಿದು ಕೂತವರ ಕಥೆ ಇದು. ಪಾವಗಡದಲ್ಲಿ ಸೂಲಗಿತ್ತಿ ನರಸಮ್ಮ, ಪೈನ್‌ವಿಲ್‌ನಲ್ಲಿ ಮಾಡ್ ಕ್ಯಾಲನ್. ಒಬ್ಬರಿಗೆ ಓದು ಬಾರದು, ಇನ್ನೊಬ್ಬರು ಕಾಲೇಜು ಮುಗಿಸಿದ ನರ್ಸು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರುವ ಸಂಭವವೇ ಇಲ್ಲ. ಆದರೂ ಇವರಿಬ್ಬರನ್ನು ಒಟ್ಟಿಗೆ ಇಟ್ಟು ನೋಡಿದರೆ, ನಾವು ಬಿಟ್ಟು ಬಂದ ಊರು, ಬಂದು ಸೇರಿದ ಊರು ಎರಡೂ ಸ್ವಲ್ಪ ಹೆಚ್ಚು ಅರ್ಥವಾಗುತ್ತವೆ ಎಂದು ನನಗೆ ತೋರಿದೆ.

ಮೊದಲು ಪದದ ವಿಷಯ. 'ಸೂಲು' ಎಂದರೆ ಹೆರಿಗೆ, 'ಗಿತ್ತಿ' ಎಂದರೆ ಆ ಕೆಲಸದವಳು. ಒಕ್ಕಲಗಿತ್ತಿ, ಹೂವಾಡಗಿತ್ತಿ ಇದ್ದಂತೆ ಸೂಲಗಿತ್ತಿ. ಜಾರ್ಜಿಯಾ, ಕ್ಯಾರೊಲಿನಾ, ಅಲಬಾಮಾದ ಹಳ್ಳಿಗಳಲ್ಲಿ ಕರಿಯ ಸೂಲಗಿತ್ತಿಯರನ್ನು 'ಗ್ರ್ಯಾನಿ' ಎನ್ನುತ್ತಿದ್ದರು, ಅಂದರೆ ಅಜ್ಜಿ. ಹೆರಿಗೆ ಮಾಡಿಸುವುದಕ್ಕೆ ಅವರ ಮಾತು ಮಗುವನ್ನು 'ಕ್ಯಾಚ್' ಮಾಡುವುದು. ಕ್ರಿಕೆಟ್ ನೆನಪಾದರೆ ತಪ್ಪೇನಿಲ್ಲ, ಕೈಜಾರಿದರೆ ಎರಡೂ ಕಡೆ ಗತಿ ಒಂದೇ! ಅಂದ ಹಾಗೆ, ಕನ್ನಡದಲ್ಲಿ 'ದಾದಿ' ಎಂದರೆ ನರ್ಸು, ಹಿಂದಿಯಲ್ಲಿ ಅದೇ ಶಬ್ದ ಅಪ್ಪನ ಅಮ್ಮನಿಗೆ. ಭಾಷಾಶಾಸ್ತ್ರದ ಲೆಕ್ಕದಲ್ಲಿ ಇದು ಕಾಕತಾಳೀಯವೇ ಇರಬಹುದು. ಊರಿನ ಲೆಕ್ಕದಲ್ಲಿ ಮಾತ್ರ ಅಲ್ಲ. ಹಗಲು ಹೊಲದಲ್ಲಿ ಕಳೆ ಕೀಳುವವಳು, ರಾತ್ರಿ ಬಸುರಿಯ ಬೆನ್ನು ನೀವುವವಳು, ಬೆಳಗಾದರೆ ಮೊಮ್ಮಕ್ಕಳಿಗೆ ಮುದ್ದೆ ತಿರುವುವವಳು ಒಬ್ಬಳೇ ಆಗಿದ್ದಳು.

ನರಸಮ್ಮನವರು ಹುಟ್ಟಿದ್ದು 1920ರಲ್ಲಿ. ಊರು ಪಾವಗಡ ತಾಲ್ಲೂಕಿನ ಕೃಷ್ಣಾಪುರ, ಮನೆಮಾತು ತೆಲುಗು. ಶಾಲೆಯ ಮುಖ ನೋಡಿದವರಲ್ಲ. 12ನೇ ವಯಸ್ಸಿಗೆ ಆಂಜಿನಪ್ಪನವರೊಡನೆ ಮದುವೆ. ಹೊಲದ ಕೂಲಿ, ಮನೆಗೆಲಸ, ಒಂದರ ಹಿಂದೊಂದು ಬಸಿರು. ಒಟ್ಟು 12 ಮಕ್ಕಳು, ಅದರಲ್ಲಿ ನಾಲ್ಕು ಚಿಕ್ಕಂದಿನಲ್ಲೇ ತೀರಿಕೊಂಡವು.

ಪತ್ರಿಕೆಗಳಲ್ಲಿ ಇಷ್ಟನ್ನು ಅರ್ಧ ಸಾಲಿನಲ್ಲಿ ಬರೆದು ಮುಂದೆ ಪ್ರಶಸ್ತಿಗಳ ಪಟ್ಟಿಗೆ ಹೋಗಿಬಿಡುತ್ತಾರೆ. ನನಗೆ ಆ ಅರ್ಧ ಸಾಲೇ ದೊಡ್ಡದಾಗಿ ಕಾಣುತ್ತದೆ. 12 ಸಲ ತಾನೇ ಹಡೆದ ಹೆಂಗಸು ಬೇರೆಯವಳ ಬೇನೆಯನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟವಳಿಗೆ, ಉಸಿರಾಡದೆ ಹೊರಬಂದ ಕೂಸಿನ ಮುಂದೆ ಕೂತ ತಾಯಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದೂ ತಿಳಿದಿರುತ್ತದೆ. ಆಕೆಯ ವಿದ್ಯೆಗೆ ಕೊಟ್ಟ ಶುಲ್ಕ ಅದು.

ಕಲಿಸಿದವರು ಅವರ ಅಜ್ಜಿ ಮರಿಗೆಮ್ಮ. ನರಸಮ್ಮನವರದೇ ಐದು ಹೆರಿಗೆಗಳನ್ನು ಮಾಡಿಸಿದ್ದು ಆ ಅಜ್ಜಿ. ಪಾಠವೆಂದರೆ ಅಷ್ಟೇ. ಅಜ್ಜಿಯ ಕೈ ಎಲ್ಲಿಟ್ಟಿತು, ಯಾವಾಗ ಒತ್ತಿತು, ಯಾವಾಗ ಸುಮ್ಮನಿತ್ತು ಎಂಬುದನ್ನು ಮೊಮ್ಮಗಳು ತನ್ನ ಮೈಯಿಂದಲೇ ತಿಳಿದಳು. 1940ರಲ್ಲಿ, 20ನೇ ವಯಸ್ಸಿನಲ್ಲಿ, ತಮ್ಮ ಬಂಧು ಹೆಂಗಸೊಬ್ಬರ ಹೆರಿಗೆಗೆ ಕೈಹಾಕಿದ್ದೇ ಮೊದಲು. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿ ಜನರಿಂದ ಬಸುರಿಯರಿಗೆ ಕೊಡುವ ಬೇರು ಸೊಪ್ಪುಗಳ ಮದ್ದನ್ನು ಕಲಿತರು. ಹೊಟ್ಟೆಯ ಮೇಲೆ ಅಂಗೈ ಇಟ್ಟು ಮಗುವಿನ ತಲೆ ಎತ್ತ ಇದೆ, ನಾಡಿ ಹೇಗಿದೆ ಎಂದು ಹೇಳುತ್ತಿದ್ದರಂತೆ. ಕಾಸು ಮುಟ್ಟುತ್ತಿರಲಿಲ್ಲ. ಸುಮಾರು 70 ವರ್ಷ ಈ ಕೆಲಸ ಮಾಡಿದರು, 15,000ಕ್ಕೂ ಹೆಚ್ಚು ಹೆರಿಗೆ ಎಂಬುದು ಎಲ್ಲರೂ ಹೇಳುವ ಲೆಕ್ಕ.

15,000ವನ್ನು 70ರಿಂದ ಭಾಗಿಸಿ ನೋಡಿದೆ, ವಾರಕ್ಕೆ ನಾಲ್ಕು. ಯಾವ ದಫ್ತರಿನಲ್ಲೂ ಬರೆದಿಟ್ಟ ಸಂಖ್ಯೆಯಲ್ಲ ಇದು. ಬರೆಯಬಲ್ಲವರು ಹೆರಿಗೆ ಕೋಣೆಯ ಒಳಗಿರಲಿಲ್ಲ, ಒಳಗಿದ್ದವರಿಗೆ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಈ 15,000 ಒಂದು ಸೀಮೆಯ ಜನ ಒಟ್ಟಾಗಿ ಇಟ್ಟುಕೊಂಡ ನೆನಪು. ನಾನು ಅದನ್ನು ಗೌರವದಿಂದಲೇ ಓದುತ್ತೇನೆ, ಆದರೆ ಸರ್ಕಾರಿ ಅಂಕಿಅಂಶದಂತೆ ಓದುವುದಿಲ್ಲ.

ಹೆರಿಗೆಯ ಕೋಣೆಯ ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ಹೆರಿಗೆ ಎಂದರೆ ಪುರುಡು, ಅಂದರೆ ಮೈಲಿಗೆ. ಮಾಸು ಮುಟ್ಟುವುದು, ರಕ್ತದ ಬಟ್ಟೆ ಒಗೆಯುವುದು ಇವೆಲ್ಲ 'ಮೇಲಿನ' ಜಾತಿಯವರು ಮಾಡುವ ಕೆಲಸವಾಗಿರಲಿಲ್ಲ. ಅದಕ್ಕೇ ನಮ್ಮ ಎಷ್ಟೋ ಊರುಗಳಲ್ಲಿ ಸೂಲಗಿತ್ತಿ ಊರಾಚೆಯ ಕೇರಿಯಿಂದ ಬರುತ್ತಿದ್ದಳು. ಬೇನೆ ಬಂದ ರಾತ್ರಿ ಆಕೆಗೆ ಹಿತ್ತಿಲ ಬಾಗಿಲು ತೆರೆಯುತ್ತಿತ್ತು, ಕತ್ತಲಕೋಣೆಯವರೆಗೂ ದಾರಿ ಸಿಗುತ್ತಿತ್ತು. ಹನ್ನೊಂದನೇ ದಿನ ಪುರುಡು ಕಳೆದು ಮನೆ ಶುದ್ಧಿಯಾಯಿತೆಂದರೆ ಆಕೆ ಮತ್ತೆ ಹೊರಗೆ. ಮೊರದಲ್ಲಿ ರಾಗಿಯೋ ಅಕ್ಕಿಯೋ, ಎಲೆ ಅಡಿಕೆ, ತೆಂಗಿನಕಾಯಿ, ಉಳ್ಳವರಾದರೆ ಒಂದು ಸೀರೆ. ಮಗುವನ್ನು ಭೂಮಿಯ ಮೇಲೆ ಎಲ್ಲರಿಗಿಂತ ಮೊದಲು ಮುಟ್ಟಿದ ಕೈಯಿಂದ ಅದೇ ಮಗು ದೊಡ್ಡದಾದ ಮೇಲೆ ನೀರು ಕುಡಿಯುತ್ತಿರಲಿಲ್ಲ.

ಅಮೆರಿಕದ ದಕ್ಷಿಣದಲ್ಲಿ ಇದೇ ಮಾತನ್ನು ಬೇರೆ ಹೆಸರುಗಳಿಂದ ಹೇಳಬಹುದು. ಗುಲಾಮಗಿರಿಯ ಕಾಲದಿಂದಲೂ ಕರಿಯ ಗ್ರ್ಯಾನಿಗಳು ತಮ್ಮ ಜನರ ಮಕ್ಕಳನ್ನಷ್ಟೇ ಅಲ್ಲ, ಹತ್ತಿ ತೋಟಗಳ ಬಿಳಿಯ ಯಜಮಾನರ ಮಕ್ಕಳನ್ನೂ ಹಿಡಿದವರು. ಆದರೆ ಆ ಬಿಳಿಯ ಊರಿನ ಆಸ್ಪತ್ರೆಗೆ ಗ್ರ್ಯಾನಿಯನ್ನೇ ಕರೆತಂದರೆ ಹಾಸಿಗೆ ಇಲ್ಲ, ಅಥವಾ ನೆಲಮಾಳಿಗೆಯ ಪ್ರತ್ಯೇಕ ವಾರ್ಡು. 1946ರ ಹಿಲ್-ಬರ್ಟನ್ ಕಾಯ್ದೆಯ ಸರ್ಕಾರಿ ಹಣದಿಂದ ಕಟ್ಟಿದ ಆಸ್ಪತ್ರೆಗಳಲ್ಲೂ ಈ ಭೇದಕ್ಕೆ ಅವಕಾಶವಿತ್ತು. ಅದನ್ನು ಮುರಿದ ಸಿಮ್ಕಿನ್ಸ್ ತೀರ್ಪು ಬಂದದ್ದು 1963ರಲ್ಲಿ, ಮೊಕದ್ದಮೆ ನಡೆದದ್ದು ನಮ್ಮ ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬೊರೊ ಆಸ್ಪತ್ರೆಗಳ ಮೇಲೆ. 1965ರ ವಲಸೆ ಕಾಯ್ದೆಯ ನಂತರ ನಮ್ಮ ಡಾಕ್ಟರುಗಳು ಈ ಕಡೆಯ ಸಣ್ಣ ಊರುಗಳಿಗೆ ಬರತೊಡಗಿದಾಗ ಅಲ್ಲಿನ ವಾರ್ಡುಗಳ ಗೋಡೆ ಬಿದ್ದು ಇನ್ನೂ ಹೆಚ್ಚು ದಿನವಾಗಿರಲಿಲ್ಲ.

ಗ್ರ್ಯಾನಿಗಳೂ ಬಹುಪಾಲು ಹೊಲದ ಹೆಂಗಸರೇ. ಅಲಬಾಮಾದ ಮಾರ್ಗರೆಟ್ ಚಾರ್ಲ್ಸ್ ಸ್ಮಿತ್ (1906-2004) ಅಜ್ಜಿಯ ಕೈಯಲ್ಲಿ ಬೆಳೆದವರು, ಹೊಲ ಗೇಯುತ್ತಲೇ ಸೂಲಗಿತ್ತಿಯಾದವರು. ಸಂಬಳ ಎಂದರೆ ಕೋಳಿ, ಮೊಟ್ಟೆ, ಗೆಣಸು, ಅದೂ ಬಂದರೆ ಬಂತು. ಇವರ ಪದ್ಧತಿಗಳನ್ನು ಓದುವಾಗ ನಾನು ಕೆಲವು ಕಡೆ ಪುಸ್ತಕ ಮುಚ್ಚಿ ಕೂತದ್ದುಂಟು. ಬೇನೆ 'ಕತ್ತರಿಸಲು' ಹಾಸಿಗೆಯ ಕೆಳಗೆ ಕೊಡಲಿಯನ್ನೋ ಚಾಕುವನ್ನೋ ಇಡುತ್ತಿದ್ದರು. ನಮ್ಮಲ್ಲಿ ಬಾಣಂತಿಯ ಮಗ್ಗುಲಲ್ಲಿ ಕುಡುಗೋಲು ಇಡುವುದಿಲ್ಲವೆ? ಮಾಸನ್ನು ಅಂಗಳದಲ್ಲಿ ಹೂಳುತ್ತಿದ್ದರು. ನಾವು ಅದನ್ನು ಮಡಕೆಯಲ್ಲಿಟ್ಟು ಹಿತ್ತಿಲಲ್ಲಿ ಹೂಳುತ್ತಿದ್ದೆವು.

1921ರಲ್ಲಿ ಷೆಪರ್ಡ್-ಟೌನರ್ ಎಂಬ ಕಾಯ್ದೆ ಬಂತು. ತಾಯಿ ಮಕ್ಕಳ ಆರೋಗ್ಯಕ್ಕೆ ಫೆಡರಲ್ ಸರ್ಕಾರ ಹಣ ಕೊಟ್ಟದ್ದು ಅದೇ ಮೊದಲು, ನಿಂತದ್ದು 1929ಕ್ಕೆ. ಆ ಹಣದಿಂದ ದಕ್ಷಿಣದ ರಾಜ್ಯಗಳು ಗ್ರ್ಯಾನಿಗಳನ್ನು ಕರೆದು ಕೂರಿಸಿ ಪಾಠ ಮಾಡಿದವು. ಕೈ ತೊಳೆಯಬೇಕು, ಬಿಳಿ ಏಪ್ರನ್ ಹಾಕಬೇಕು, ಹುಟ್ಟಿದ ಕೂಡಲೇ ಕುರುಡು ತಪ್ಪಿಸಲು ಮಗುವಿನ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಬಿಡಬೇಕು, ಜನನ ಪತ್ರ ತುಂಬಿಸಿ ಕಳಿಸಬೇಕು. ಪ್ರತಿಯೊಬ್ಬರಿಗೂ ಒಂದು ಕೈಚೀಲ, ಅದರಲ್ಲಿ ಇಲಾಖೆ ಒಪ್ಪಿದ ಸಾಮಾನು ಮಾತ್ರ. ಕೌಂಟಿ ನರ್ಸು ಆಗಾಗ ಚೀಲ ತೆಗೆಸಿ ನೋಡುತ್ತಿದ್ದಳು. ಬೇರು, ಸೊಪ್ಪು, ಕಷಾಯ ಸಿಕ್ಕಿದರೆ ಲೈಸೆನ್ಸ್ ಹೋಯಿತು. ಅದಕ್ಕೆ ಎಷ್ಟೋ ಜನ ಗ್ರ್ಯಾನಿಗಳು ಎರಡು ಚೀಲ ಇಟ್ಟುಕೊಂಡಿದ್ದರು, ಒಂದು ನರ್ಸಮ್ಮನಿಗೆ ತೋರಿಸಲು, ಇನ್ನೊಂದು ಬಸುರಿಯ ಮನೆಗೆ! ನಮ್ಮೂರಿನ ಯಾವ ಅಜ್ಜಿಯಾದರೂ ಹಾಗೆಯೇ ಮಾಡುತ್ತಿದ್ದಳು.

ಅಟ್ಲಾಂಟಾದವರು ಒಂದು ಸಾಕ್ಷ್ಯಚಿತ್ರ ನೋಡಬೇಕು. ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆಗಾಗಿ ಜಾರ್ಜ್ ಸ್ಟೋನಿ 1950ರ ದಶಕದ ಆರಂಭದಲ್ಲಿ ಮಾಡಿದ 'ಆಲ್ ಮೈ ಬೇಬೀಸ್'. ಸೂಲಗಿತ್ತಿಯರಿಗೆ ಕಲಿಸಬೇಕಾದ ಅಂಶಗಳ ಉದ್ದನೆಯ ಪಟ್ಟಿ ಕೊಟ್ಟು ಇಲಾಖೆ ಅವರನ್ನು ಕಳಿಸಿತ್ತು. ಸ್ಟೋನಿ ಆಲ್ಬನಿ ಊರಿನ ಮೇರಿ ಕೋಲಿಯವರ ಹಿಂದೆ ಕ್ಯಾಮೆರಾ ಹಿಡಿದು ನಡೆದರು. ಕೋಲಿ 1900ರಲ್ಲಿ ಹುಟ್ಟಿದವರು, 3,000ಕ್ಕೂ ಹೆಚ್ಚು ಮಕ್ಕಳನ್ನು ಹಿಡಿದವರು. ಸಿನಿಮಾದಲ್ಲಿ ನಿಜವಾದ ಹೆರಿಗೆಯೊಂದು ಪೂರ್ತಿ ಇದೆ. ಪಾಠದ ಚಿತ್ರವಾಗಿ ಶುರುವಾದದ್ದು ಆ ಹೆಂಗಸಿನ ನಿಧಾನದಿಂದಾಗಿ, ದನಿಯಿಂದಾಗಿ, ಬೇರೇನೋ ಆಗಿಬಿಟ್ಟಿದೆ. 2002ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಅದು ಸೇರಿತು. ಕೋಲಿಯವರು 1966ರಲ್ಲೇ ತೀರಿಕೊಂಡಿದ್ದರು.

ಈಗ ಪೈನ್‌ವಿಲ್. ಮಾಡ್ ಕ್ಯಾಲನ್ ಹುಟ್ಟಿದ್ದು 1898ರಲ್ಲಿ, ಫ್ಲಾರಿಡಾದ ಕ್ವಿನ್ಸಿಯಲ್ಲಿ. 13 ಅಕ್ಕತಂಗಿಯರಲ್ಲಿ ಒಬ್ಬರು. ಚಿಕ್ಕಂದಿನಲ್ಲೇ ತಂದೆ ತಾಯಿ ಇಲ್ಲವಾಗಿ, ಟ್ಯಾಲಹಸಿಯಲ್ಲಿ ಡಾಕ್ಟರಾಗಿದ್ದ ಬಂಧುವಿನ ಮನೆಯಲ್ಲಿ ಬೆಳೆದರು. 1922ರಲ್ಲಿ ಫ್ಲಾರಿಡಾ ಎ ಅಂಡ್ ಎಂ ಕಾಲೇಜು ಮುಗಿಸಿ, ಜಾರ್ಜಿಯಾದ ಸವಾನದಲ್ಲಿ ನರ್ಸಿಂಗ್ ಕಲಿತು, 1923ರಲ್ಲಿ ಗಂಡನ ಜೊತೆ ಪೈನ್‌ವಿಲ್‌ಗೆ ಬಂದರು. ಎಪಿಸ್ಕೋಪಲ್ ಚರ್ಚಿನ ಮಿಷನರಿ ನರ್ಸಾಗಿ ಬಂದ ಕೆಲಸ ತಾತ್ಕಾಲಿಕ ಎಂದುಕೊಂಡಿದ್ದರಂತೆ. ತಾತ್ಕಾಲಿಕ ಎಂದು ಬಂದು ಇಲ್ಲೇ ಉಳಿದವರು ಎಂದರೇನೆಂದು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಅವರೂ ಉಳಿದರು, 67 ವರ್ಷ.

1936ರಲ್ಲಿ ಕೌಂಟಿಯ ಆರೋಗ್ಯ ಇಲಾಖೆಗೆ ಸೇರಿದರು. ಸುಮಾರು 400 ಚದರ ಮೈಲಿಯ ಕೆಸರು ದಾರಿಗಳ ಪ್ರದೇಶ, ಹಳ್ಳಿ ಮನೆಗಳು, ಬಡತನ. ಕಾರು ಹೋಗುವಷ್ಟು ದೂರ ಕಾರು, ಮುಂದೆ ಕೆಸರಿನಲ್ಲಿ ಕಾಲ್ನಡಿಗೆ. ಹೆರಿಗೆ ಮಾಡಿಸುವುದರ ಜೊತೆ ಚುಚ್ಚುಮದ್ದು, ಕ್ಷಯ, ಮಕ್ಕಳ ಹಲ್ಲು ಕಣ್ಣು, ಮುದುಕರ ಆರೈಕೆ ಎಲ್ಲ ಅವರ ಪಾಲಿಗೇ. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೆಲಸ ಬೇರೆ. ಆ ಕೌಂಟಿಯ ಗ್ರ್ಯಾನಿಗಳಿಗೆ ಅವರೇ ಮೇಷ್ಟರು. ಕಾಲೇಜಿನ ವಿದ್ಯೆಯನ್ನೂ ಅಜ್ಜಿಯರ ಕೈಯನ್ನೂ ಒಂದೇ ಕೋಣೆಯಲ್ಲಿ ಕೂರಿಸಿದವರು. ಅವರೇ ಹಿಡಿದ ಮಕ್ಕಳ ಲೆಕ್ಕ 600ರಿಂದ 800 ಎಂದು ಬರೆಯುತ್ತಾರೆ. ನರಸಮ್ಮನವರ 15,000ದ ಮುಂದೆ ಸಣ್ಣದಾಗಿ ಕಾಣಬಹುದು. ಆದರೆ ಅವರು ಕಲಿಸಿದ ಅಜ್ಜಿಯರ ಕೈಗೆ ಬಂದ ಮಕ್ಕಳನ್ನೂ ಅವರ ಖಾತೆಗೇ ಹಾಕಬೇಕು.

1951ರಲ್ಲಿ ಛಾಯಾಗ್ರಾಹಕ ಯೂಜೀನ್ ಸ್ಮಿತ್ ಪೈನ್‌ವಿಲ್‌ಗೆ ಬಂದು ವಾರಗಟ್ಟಲೆ ಅವರ ಹಿಂದೆ ತಿರುಗಿದರು. ಡಿಸೆಂಬರ್ 3, 1951ರ 'ಲೈಫ್' ಪತ್ರಿಕೆಯಲ್ಲಿ 12 ಪುಟಗಳ ಚಿತ್ರಲೇಖನ ಬಂತು. ಜಿಮ್ ಕ್ರೋ ಕಾಲದಲ್ಲಿ, ದೇಶದ ಅಷ್ಟು ದೊಡ್ಡ ಪತ್ರಿಕೆಯಲ್ಲಿ, ಒಬ್ಬ ಕರಿಯ ಹೆಂಗಸು ಯಾರ ದಯೆಯನ್ನೂ ಬೇಡದೆ ತನ್ನ ಕೆಲಸ ಮಾಡುತ್ತಿರುವ ಚಿತ್ರಗಳು! ಓದುಗರು ತಾವಾಗಿಯೇ ಹಣ ಕಳಿಸಿದರು, 20,000 ಡಾಲರಿಗೂ ಮೀರಿ. ಅದರಿಂದ ಕಟ್ಟಿದ ಕ್ಲಿನಿಕ್ 1953ರಲ್ಲಿ ತೆರೆಯಿತು. 1971ರಲ್ಲಿ ಅವರು ನಿವೃತ್ತರಾದರು, ಆದರೆ ಮನೆಯಲ್ಲಿ ಕೂರಲಿಲ್ಲ. ಊರಿನ ಹಿರಿಯರಿಗೆ ಊಟ ಮುಟ್ಟಿಸುವ ಕೆಲಸವನ್ನು ತಾವೇ ಎಂಬತ್ತು ದಾಟಿದ ಮೇಲೂ ಮಾಡುತ್ತಿದ್ದರು. ತಮಗಿಂತ ಚಿಕ್ಕವರಿಗೂ ಊಟ ಒಯ್ದಿರಬೇಕು. 1983ರಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1990ರಲ್ಲಿ ತೀರಿಕೊಂಡರು.

ನರಸಮ್ಮನವರಿಗೆ ಯೂಜೀನ್ ಸ್ಮಿತ್ ಸಿಗಲಿಲ್ಲ. ಅವರ ಹೆಸರು ಜಿಲ್ಲೆಯ ಆಚೆಗೆ ಕೇಳಿಸುವ ಹೊತ್ತಿಗೆ ವಯಸ್ಸು 90 ದಾಟಿತ್ತು. ಅಲ್ಲಿಂದ ಮುಂದೆ ಪ್ರಶಸ್ತಿಗಳ ಸಾಲು. 2012ರಲ್ಲಿ ದೇವರಾಜ ಅರಸು ಪ್ರಶಸ್ತಿ, 2013ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಮತ್ತು ರಾಜ್ಯೋತ್ಸವ ಪ್ರಶಸ್ತಿಗಳು, 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ. ಅಕ್ಷರ ಬಾರದವರಿಗೆ ಡಾಕ್ಟರೇಟ್ ಎಂದು ನಕ್ಕವರೂ ಇದ್ದಿರಬಹುದು. ಆದರೆ ಸುಮಾರು 180 ಜನರಿಗೆ ಸೂಲಗಿತ್ತಿಯ ಕೆಲಸ ಕಲಿಸಿದವರಿಗೆ ವಿಶ್ವವಿದ್ಯಾಲಯವೊಂದು ಪದವಿ ಕೊಟ್ಟದ್ದರಲ್ಲಿ ನಗುವಂಥದ್ದೇನಿದೆ? ಪದ್ಮಶ್ರೀ ಬಂದ ವರ್ಷವೇ, ಡಿಸೆಂಬರ್ 25ರಂದು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ವಯಸ್ಸು 98, ಮೊಮ್ಮಕ್ಕಳು ಮರಿಮಕ್ಕಳು ಸೇರಿ 36.

ಇಬ್ಬರ ನಡುವೆ ಒಂದು ವ್ಯತ್ಯಾಸ ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ. ಅದು ಕಾಗದ.

ಸೌತ್ ಕ್ಯಾರೊಲಿನಾದಲ್ಲಿ 1915ರಿಂದ, ಜಾರ್ಜಿಯಾದಲ್ಲಿ 1919ರಿಂದ ರಾಜ್ಯಮಟ್ಟದ ಜನನ ನೋಂದಣಿ ಇದೆ. ಆ ಪತ್ರಗಳಲ್ಲಿ ಹೆರಿಗೆ ಮಾಡಿಸಿದವರ ಸಹಿಗೆ ಒಂದು ಜಾಗ ಇತ್ತು. ಓದು ಬಾರದ ಗ್ರ್ಯಾನಿಗಳು ಮಗಳ ಕೈಯಿಂದಲೋ ಮೊಮ್ಮಗನ ಕೈಯಿಂದಲೋ ಅದನ್ನು ಬರೆಸಿ ಕೌಂಟಿಗೆ ಮುಟ್ಟಿಸಬೇಕಿತ್ತು, ಇಲ್ಲದಿದ್ದರೆ ಲೈಸೆನ್ಸಿಗೇ ಕುತ್ತು. ಹೀಗಾಗಿ ಗೇಣಿ ಹೊಲದ ಗುಡಿಸಲಿನಲ್ಲಿ ಹುಟ್ಟಿದ ಕರಿಯ ಮಗುವೂ ಸರ್ಕಾರದ ಪುಸ್ತಕಕ್ಕೆ ಮೊದಲು ಹತ್ತಿದ್ದು ಅಜ್ಜಿಯ ಮೂಲಕ. ಮುಂದೆ ಶಾಲೆ, ಪಿಂಚಣಿ, ಪಾಸ್‌ಪೋರ್ಟ್ ಎಲ್ಲಕ್ಕೂ ಆ ಒಂದು ಹಾಳೆಯೇ ಆಧಾರ. ಗ್ರ್ಯಾನಿಗಳನ್ನು ಹಿಡಿತದಲ್ಲಿಡಲು ಮಾಡಿದ ನಿಯಮದಿಂದಲೇ ಅವರ ಹೆಸರು ಉಳಿಯಿತು.

ನಮ್ಮಲ್ಲಿ ದೇಶಕ್ಕೆಲ್ಲ ಒಂದೇ ಜನನ-ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದು ಹಳ್ಳಿಯ ಹಿತ್ತಿಲ ಕೋಣೆಗೆ ಮುಟ್ಟಲು ಇನ್ನೂ ಹಲವು ವರ್ಷ ಬೇಕಾಯಿತು. ಅಲ್ಲಿಯವರೆಗೆ ನಮ್ಮ ಜನ್ಮದಿನ ನಿಗದಿ ಮಾಡಿದವರು ಶಾಲೆಯ ಹೆಡ್‌ಮಾಸ್ಟರು. ಒಂದನೇ ಕ್ಲಾಸಿಗೆ ವಯಸ್ಸು ಹೊಂದುವಂತೆ ಮೇ ಜೂನ್ ತಿಂಗಳ ಯಾವುದೋ ಒಂದು ತಾರೀಖು! ನಮ್ಮ ಬಳಗದಲ್ಲೇ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಎಂದು ಮುಂದಿನ ಸಲ ಸೇರಿದಾಗ ಕೈ ಎತ್ತಿಸಿ ನೋಡಿ.

ಅದರ ಬಿಸಿ ತಟ್ಟುವುದು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದಾಗ. ಜನನ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲವಾದರೆ ನೋಂದಣಿ ಕಚೇರಿಯಿಂದ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ, ಜೊತೆಗೆ ನಿಮ್ಮ ಹುಟ್ಟನ್ನು ಸ್ವತಃ ಬಲ್ಲ ಹಿರಿಯರಿಬ್ಬರ ಅಫಿಡವಿಟ್. ನನ್ನ ಪರವಾಗಿ ಸಹಿ ಮಾಡಿದವರು ನನ್ನ ಸೋದರತ್ತೆ. ಫೋನಿನಲ್ಲಿ ಕರಡು ಓದಿ ಹೇಳಿದೆ. "ನೀನು ಹುಟ್ಟಿದಾಗ ನಾನು ಮನೇಲೇ ಇದ್ದೆ, ಹಾಕು. ಹಂಡೆ ನೀರು ಕಾಯಿಸಿದ್ದು ನಾನೇ," ಎಂದರು. ಒಳಗೆ ಯಾರಿದ್ದರು ಅತ್ತೆ ಎಂದೆ. "ಒಳಗೆ ನಿಮ್ಮಮ್ಮ, ಆ ಮುದುಕಿ. ನಮ್ಮನ್ನೆಲ್ಲ ಬಿಡ್ತಿರಲಿಲ್ಲ." ಮುದುಕಿಯ ಹೆಸರು? ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರೂ ಅಜ್ಜಿ ಅಂತಿದ್ವಪ್ಪ. ಕೆಳಗಿನ ಕೇರಿಯೋಳು. ನಿಮ್ಮಪ್ಪನ್ನೂ ಅವಳೇ ತೆಗೆದದ್ದು," ಎಂದರು. ಅಫಿಡವಿಟ್ಟಿನಲ್ಲಿ ಸೋದರತ್ತೆಯ ಹೆಸರು, ವಿಳಾಸ, ಸಂಬಂಧ ಎಲ್ಲ ಇವೆ. ಎರಡು ತಲೆಮಾರನ್ನು ಬರಮಾಡಿಕೊಂಡ ಆ ಹೆಂಗಸು ಅದರಲ್ಲಿ ಇಲ್ಲ.

ಇಷ್ಟು ಹೇಳಿದ ಮೇಲೆ, ಸೂಲಗಿತ್ತಿಯರ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವವನೆಂದು ತಿಳಿಯಬೇಡಿ. ಹೊಕ್ಕುಳಬಳ್ಳಿಯನ್ನು ತುಕ್ಕು ಕುಡುಗೋಲಿನಿಂದ ಕೊಯ್ದು ಧನುರ್ವಾಯು ಬಂದು ಸತ್ತ ಕೂಸುಗಳಿಗೆ ಲೆಕ್ಕವಿಲ್ಲ. ಭಾರತ ಈ ಕಾಯಿಲೆಯನ್ನು ತಾಯಿ ಮತ್ತು ನವಜಾತ ಶಿಶುಗಳಲ್ಲಿ ಹತೋಟಿಗೆ ತಂದಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ರಕ್ತಸ್ರಾವ ನಿಲ್ಲದಿದ್ದರೆ, ಮಗು ಅಡ್ಡ ನಿಂತರೆ, ಎಂಥ ಅಜ್ಜಿಯ ಕೈಯೂ ಸೋಲುತ್ತದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, 2008ರಲ್ಲಿ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡತೊಡಗಿತು, ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದರು. 2005-06ರ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 65ರಷ್ಟು ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019-21ಕ್ಕೆ ಅದು ಶೇ. 97. ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ರಾಜ್ಯದಲ್ಲಿ 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಈ ಅಂಕಿಗಳ ಮುಂದೆ ಹಳೆಯ ದಿನಗಳ ಹಂಬಲಕ್ಕೆ ಬಾಯಿಲ್ಲ.

ಆದರೆ ಅಮೆರಿಕದ ಕಥೆ ಇಷ್ಟು ನೇರವಾಗಿಲ್ಲ. ಇಲ್ಲಿ ತಾಯಂದಿರ ಸಾವಿಗೆಲ್ಲ ಕೊಳಕು ಗ್ರ್ಯಾನಿಗಳೇ ಕಾರಣ ಎಂದು 20ನೇ ಶತಮಾನದ ಆರಂಭದಲ್ಲಿ ಡಾಕ್ಟರುಗಳು ಜೋರಾಗಿ ಬರೆದರು. ಹಾಗೆ ಬರೆಯುತ್ತಿದ್ದ ಕಾಲದಲ್ಲಿ ಆಸ್ಪತ್ರೆಯ ಹೆರಿಗೆಯೇನೂ ಹೆಚ್ಚು ಸುರಕ್ಷಿತವಾಗಿರಲಿಲ್ಲ. ಸಾವು ನಿಜವಾಗಿ ಇಳಿದದ್ದು 1930ರ ದಶಕದ ಕೊನೆಯಲ್ಲಿ ಸಲ್ಫಾ ಔಷಧ, ಆಮೇಲೆ ಪೆನಿಸಿಲಿನ್, ರಕ್ತನಿಧಿಗಳು ಬಂದ ಮೇಲೆ. 1940ರಲ್ಲಿ ಈ ದೇಶದಲ್ಲೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೆರಿಗೆಗಳಷ್ಟೇ ಆಸ್ಪತ್ರೆಯಲ್ಲಿ ಆಗುತ್ತಿದ್ದವು. ಆಮೇಲೆ ಒಂದೊಂದೇ ರಾಜ್ಯ ಗ್ರ್ಯಾನಿಗಳ ಲೈಸೆನ್ಸು ನವೀಕರಿಸುವುದನ್ನು ನಿಲ್ಲಿಸಿತು. ಅಲಬಾಮಾ 1976ರಲ್ಲಿ ಕಾಯ್ದೆ ಮಾಡಿಯೇ ಮುಗಿಸಿತು. ಗ್ರ್ಯಾನಿಗಳು ಹೋದರು, ಅವರು ನಡೆದು ಹೋಗುತ್ತಿದ್ದ ಮನೆಗಳಿಗೆ ಡಾಕ್ಟರು ನಡೆದು ಬರಲಿಲ್ಲ. 2023ರ ಸಿಡಿಸಿ ಲೆಕ್ಕದಲ್ಲಿ ಲಕ್ಷ ಜನನಕ್ಕೆ ಬಿಳಿಯ ತಾಯಂದಿರ ಸಾವು 14.5, ಕರಿಯ ತಾಯಂದಿರದು 50.3. ಜಗತ್ತಿನಲ್ಲೇ ಹೆಚ್ಚು ದುಡ್ಡು ಸುರಿದು ಆಸ್ಪತ್ರೆ ನಡೆಸುವ ದೇಶದಲ್ಲಿ ಈ ಅಂತರ! ಕ್ಯಾಲನ್ ಅವರ ಕಾರಿನಲ್ಲಿ ಔಷಧಕ್ಕಿಂತ ಹೆಚ್ಚಾಗಿ ಏನು ಹೋಗುತ್ತಿತ್ತು ಎಂಬುದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಯೋಚಿಸಬೇಕು. ಬಸುರಿಯ ಮನೆಯಲ್ಲಿ ಅಡಿಗೆಗೆ ಏನಿದೆ, ಗಂಡ ಹೇಗಿದ್ದಾನೆ, ಹಿಂದಿನ ಕೂಸು ಯಾಕೆ ಹೋಯಿತು, ಎಲ್ಲ ಬಲ್ಲ ಒಬ್ಬಳು ಹೋಗುತ್ತಿದ್ದಳು. ಅಂಥ ಭೇಟಿಗೆ ವಿಮೆಯಲ್ಲಿ ಕೋಡ್ ನಂಬರ್ ಇಲ್ಲ.

ಸೂಲಗಿತ್ತಿಯ ವಿದ್ಯೆಯಲ್ಲಿ ಅರ್ಧ ಹೆರಿಗೆಯದು, ಇನ್ನರ್ಧ ಬಾಣಂತನದ್ದು. ಮೊದಲರ್ಧ ಆಸ್ಪತ್ರೆಗೆ ಹೋಯಿತು. ಎರಡನೆಯದು ವಿಮಾನ ಹತ್ತಿ ಇಲ್ಲಿಗೆ ಬಂದಿದೆ. ಕ್ಯಾರಿಯಲ್ಲಿ, ಆಲ್ಫರೆಟ್ಟಾದಲ್ಲಿ, ಆಶ್‌ಬರ್ನಿನಲ್ಲಿ ಮೊಮ್ಮಗು ಹುಟ್ಟುವ ಹೊತ್ತಿಗೆ ಆರು ತಿಂಗಳ ವೀಸಾದ ಮೇಲೆ ಬರುವ ನಮ್ಮ ಅಮ್ಮಂದಿರಲ್ಲಿ ಎಷ್ಟೋ ಜನ ಹೊಲ ಗದ್ದೆಯ ಮನೆಗಳವರು. ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಮೆಂತ್ಯದ ಪುಡಿ, ಒಣಶುಂಠಿ, ಹರಳೆಣ್ಣೆ, ಹೊಟ್ಟೆ ಕಟ್ಟಲು ಮೆತ್ತಗಾದ ಹಳೇ ಸೀರೆ. ಕಸ್ಟಮ್ಸಿನವನು ಡಬ್ಬಿ ತೆಗೆದು ಮೂಸಿ ನೋಡಿದಾಗ ಇವರ ಮುಖ ಕೌಂಟಿ ನರ್ಸಿನ ಮುಂದೆ ಚೀಲ ಬಿಚ್ಚಿದ ಗ್ರ್ಯಾನಿಯ ಮುಖದ ಹಾಗೇ ಇರುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಬೇಕು. ಡಾಕ್ಟರು ಕೊಟ್ಟ ಹಾಳೆಯಲ್ಲಿ ಮಗುವಿಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು ಎಂದಿರುತ್ತದೆ, ಹೊಕ್ಕುಳು ಬಿದ್ದ ಮೇಲೆ ಸ್ನಾನ ಎಂದಿರುತ್ತದೆ. ಸೊಸೆ ಅದನ್ನು ಓದಿ ಹೇಳುತ್ತಾಳೆ. ಅಜ್ಜಿ ಒಪ್ಪಿ ಕಾಯುತ್ತಾರೆ. ಹೊಕ್ಕುಳು ಬಿದ್ದ ಮರುದಿನ ಬೆಳಿಗ್ಗೆ ಬಾತ್‌ಟಬ್ಬಿನೊಳಗೆ ಮಣೆಯ ಬದಲು ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂತು, ಸೀರೆ ಮೊಣಕಾಲಿಗೆ ಎತ್ತಿ ಕಾಲು ನೀಡಿ, ಎರಡೂ ಕಾಲಿನ ನಡುವಿನ ಓಣಿಯಲ್ಲಿ ಮಗುವನ್ನು ಬೋರಲು ಮಲಗಿಸುತ್ತಾರೆ. ಬಿಸಿನೀರಿಗೆ ಮೊಣಕೈ ಅದ್ದಿ ನೋಡಿ, ಇನ್ನೊಂದು ಚೂರು ತಣ್ಣೀರು ಬೆರೆಸುತ್ತಾರೆ. ಆಮೇಲೆ ಬಾಯಲ್ಲಿ ಏನೋ ಗುನುಗುತ್ತಾ, ಎಡಗೈಯಿಂದ ಮಗುವಿನ ಗಲ್ಲ ಎತ್ತಿ ಹಿಡಿದು, ಬೆನ್ನ ಮೇಲೆ ಮೊದಲ ಚೊಂಬು ನೀರು ಹೊಯ್ಯುತ್ತಾರೆ.